ಮೀನಖಂಡ

ಎಡ ಅಂಗೈಯಲ್ಲಿ ಲಿಂಗ, ಮನಸ್ಸು ಬಲಗಾಲಿನಲ್ಲಿ. ಎರಡು ವರ್ಷದಿಂದ ಪಂಚಾಕ್ಷರಯ್ಯನ ಬೆಳಗಿನ ಪೂಜೆ ನಡೆಯುತ್ತಿದ್ದದ್ದೇ ಹೀಗೆ. ಕಣ್ಣನ್ನು ಲಿಂಗದ ಮೇಲೆ ನಿಲ್ಲಿಸಿ ಉಸಿರು ನಿಧಾನ ಮಾಡಿದಷ್ಟೂ, ಮಡಚಿದ ಬಲಗಾಲಿನ ಮೀನಖಂಡದೊಳಗೆ, ಚರ್ಮದಿಂದ ಎರಡು ಬೆರಳು ಕೆಳಗೆ, ಏನೋ ಒಂದು ಎದ್ದು ಕೂತು ಕಿವಿಗೊಟ್ಟು ಕೇಳುತ್ತಿದೆ ಅನ್ನಿಸುತ್ತಿತ್ತು. ಬರುವುದಾದರೆ ಬಂದುಬಿಡಲಿ, ಹೀಗೆ ಬಾಗಿಲಲ್ಲಿ ನಿಂತು ಕಾಯಿಸಬಾರದು. ಬಂತೆಂದರೆ ಮೊದಲು ಹೆಬ್ಬೆರಳು ತಾನಾಗಿಯೇ ಕೆಳಕ್ಕೆ ಬಾಗುತ್ತದೆ. ಆಮೇಲೆ ಹಿಮ್ಮಡಿಯಿಂದ ಮಂಡಿಯ ಹಿಂದಿನವರೆಗೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಒಂದು ಹಿಂಡು. ಕೈಯಿಟ್ಟು ನೋಡಿದರೆ ಮಾಂಸವಲ್ಲ, ಕೊಬ್ಬರಿ ಗಿಟುಕು. ಒಂದು ನಿಮಿಷ, ಹೆಚ್ಚೆಂದರೆ ಎರಡು. ಆ ಎರಡು ನಿಮಿಷದಲ್ಲಿ ಶಿವನೂ ಇಲ್ಲ, ಮಂತ್ರವೂ ಇಲ್ಲ, ನಲವತ್ತಾರು ವರ್ಷ ಬಾಳಿದ ಮರ್ಯಾದಸ್ಥನೂ ಇಲ್ಲ. ಒಂದು ಕಾಲು ಇದೆ, ಅಷ್ಟೆ. ಇವತ್ತು ಬರಲಿಲ್ಲ. ಬರಲಿಲ್ಲವೆಂದು ಸಮಾಧಾನವೂ ಆಗಲಿಲ್ಲ. ಪೂಜೆಯಲ್ಲಿ ಬರದಿದ್ದರೆ ನಾಲ್ಕು ಜನರ ಮುಂದೆ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು.

ಅವನ ಮನೆಗೆ ಹೊಲವಿರಲಿಲ್ಲ, ತೋಟವಿರಲಿಲ್ಲ, ಕಾಲಿತ್ತು. ಅಜ್ಜನ ಕಾಲನ್ನು ಚನ್ನರಾಯಪಟ್ಟಣದ ಭಕ್ತರ ಮನೆಗಳವರು ತೊಳೆದು ಆ ನೀರನ್ನು ಕಣ್ಣಿಗೊತ್ತಿಕೊಂಡು ಕುಡಿದಿದ್ದರು, ಆಮೇಲೆ ಅಪ್ಪನ ಕಾಲನ್ನು, ಈಗ ಇವನದನ್ನು. ಮಗು ಹುಟ್ಟಿದರೆ ಲಿಂಗ ಕಟ್ಟುವುದಕ್ಕೆ, ಮದುವೆಗೆ, ಹೊಸ ಮನೆಗೆ, ಕೊನೆಗೆ ಸತ್ತವರನ್ನು ಕೂರಿಸಿ ಅವರ ತಲೆಯ ಮೇಲೆ ಪಾದವಿಟ್ಟು ಕಳಿಸಿಕೊಡುವುದಕ್ಕೆ, ಎಲ್ಲಕ್ಕೂ ಅಯ್ಯನವರ ಕಾಲೇ ಆಗಬೇಕು. ಅಂಥ ಕಾಲಿಗೆ ಸೆಳೆತ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ದಿನಕ್ಕೆ ಹತ್ತು ಕೈ ಆ ಪಾದವನ್ನು ಮುಟ್ಟಿ ಹೋಗುತ್ತಿದ್ದವು. ಒಂದು ಕೈಗೂ ಅದನ್ನು ಹಿಡಿದು ನೀವುವ ಅಧಿಕಾರವಿರಲಿಲ್ಲ. ಹೆಂಡತಿ ನೀಲಾಂಬಿಕೆಗೆ ಮಾತ್ರ ಇತ್ತು. ಅವಳು ಹುರುಳಿ ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಿದ್ದಳು, ಲಕ್ಕಿ ಸೊಪ್ಪು ಹಾಕಿ ಕಾಯಿಸಿದ ನೀರು ಹುಯ್ದಿದ್ದಳು, ಹರಳೆಲೆ ಬಾಡಿಸಿ ಕಟ್ಟಿದ್ದಳು, ಹಾಸಿಗೆಯ ಕೆಳಗೆ ಹಳೇ ಕುಡುಗೋಲು ಇಟ್ಟಿದ್ದಳು. ಕೊನೆಗೊಂದು ದಿನ, ಸಂತೆಬೀದಿಯಲ್ಲೊಬ್ಬ ಕಾಲು ಮುಂದಾಗಿ ಹುಟ್ಟಿದವನಿದ್ದಾನಂತೆ, ಅಂಥವರಿಂದ ಮೂರು ಸಲ ಒದೆಸಿಕೊಂಡರೆ ಎಂಥ ಹಿಡಿತವೂ ಬಿಡುತ್ತದಂತೆ ಎಂದಳು. “ಊರೆಲ್ಲ ಬಂದು ನನ್ನ ಕಾಲಿಗೆ ಬೀಳ್ತದೆ, ನಾನು ಹೋಗಿ ಅವನ ಹತ್ರ ಒದೆಸಿಕೊಳ್ಳಲಾ?” ಎಂದು ಅವನು ಸಿಟ್ಟಾದಾಗ ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು. ಕಾರಣ ಹೇಳುವವರಿಗೂ ಬರವಿರಲಿಲ್ಲ. ವಾಯು ಎಂದರು ಒಬ್ಬರು, ಇಬ್ಬನಿಯಲ್ಲಿ ನಡೆಯುವುದು ಎಂದರು ಇನ್ನೊಬ್ಬರು, ಗಂಟೆಗಟ್ಟಲೆ ಮಣೆಯ ಮೇಲೆ ಕೂರುವುದು ಎಂದರು ಮತ್ತೊಬ್ಬರು. ಅವನ ಹತ್ತಿರ ಯಾರಿಗೂ ಹೇಳದ ಒಂದು ಕಾರಣವಿತ್ತು. ಅಪ್ಪನಿಗೂ ಇದೇ ಸೆಳೆತ. ಒಂದು ಮಧ್ಯಾಹ್ನ ಅಪ್ಪ ಜಗಲಿಯ ಮೇಲಿಂದ “ಪಂಚಾ, ಕಾಲು, ಕಾಲು” ಎಂದು ಕೂಗುತ್ತಿದ್ದಾಗ ಹನ್ನೆರಡು ವರ್ಷದ ಅವನು ಕಣಜದ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದ. ಬೇಜಾರು, ಅಷ್ಟೆ, ಬೇರೆ ಯಾವ ಕಾರಣವೂ ಇರಲಿಲ್ಲ. ಕೂಗು ನಿಂತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದ.

“ಬುದ್ಧೀ...” ಎಂದು ಯಾರೋ ಬಾಗಿಲಲ್ಲಿ ಕರೆದರು.

ಭಕ್ತ ಪಾಲಾಕ್ಷನ ತೋಟದ ಮನೆಯ ಆಳು ತಮ್ಮಯ್ಯ, ಹೆಗಲ ಮೇಲಿನ ಟವಲನ್ನು ಕೈಗೆ ಸುತ್ತಿಕೊಂಡು ನಿಂತಿದ್ದ. ಓಡುತ್ತಲೇ ಬಂದಿರಬೇಕು, ಮಾತಿನ ಮಧ್ಯೆ ಉಸಿರು ಎಳೆದುಕೊಳ್ಳುತ್ತಿದ್ದ.

“ತ್ವಾಟದ ಮನೆಯಿಂದ ಬಂದೆ ಬುದ್ಧಿ. ಗಂಗಮ್ಮಾರು ಓಗ್ಬುಟ್ರು.”

“ಎಲ್ಲಿಗೆ?” ಎಂದುಬಿಟ್ಟ ಪಂಚಾಕ್ಷರಯ್ಯ.

ತಮ್ಮಯ್ಯ ಅವನ ಮುಖವನ್ನೇ ನೋಡಿದ. “ಎಲ್ಗೆ ಅಂದ್ರೆ... ಓಗ್ಬುಟ್ರು ಬುದ್ಧಿ. ಒತ್ತಾರೆ ಎದ್ದು ಬಚ್ಚಲಿಗೆ ಓಗವ್ರೆ. ಉಸ್ರು ಆಯ್ತಿಲ್ಲ ಅತ್ತೆಮ್ಮ ಅಂದ್ರಂತೆ, ಅಲ್ಲೇ ಗ್ವಾಡೆ ಹಿಡ್ಕಂಡು ಕುಂತ್ಕಂಡ್ರಂತೆ. ಅಷ್ಟೇಯ. ಯಜಮಾನ್ರು ನಿಮ್ಮನ್ನ ಕರ್ಕಬಾ ಅಂದ್ರು.”

ಒಳಗಿನಿಂದ ನೀಲಾಂಬಿಕೆ, “ಅಯ್ಯೋ, ಹದಿನಾಲ್ಕು ದಿನದ ಬಾಣಂತಿ ಕಣ್ರೀ, ಮೊನ್ನೆ ತಾನೆ ನೀವು ಮಗೂಗೆ ಲಿಂಗ ಕಟ್ಟಿ ಬಂದ್ರಿ” ಎಂದಳು. ಅವನು ಜೋಳಿಗೆಗೆ ವಿಭೂತಿ ಗಟ್ಟಿ ಹಾಕಿಕೊಂಡ. ಮೊನ್ನೆ ಅವನು ಲಿಂಗ ಕಟ್ಟಿದ್ದೊಂದೇ ಅಲ್ಲ. ಮದ್ದನ್ನೂ ಹೇಳಿ ಬಂದಿದ್ದ. ಆಡಿದ ಮಾತು ಈಗ ಎದೆಯಲ್ಲಿ ಬಂದು ಕೂತಿತು. ಬಾಣಂತಿಯರು ಸಾಯುವುದು ಹೊಸದೇ? ಸನ್ನಿ ಇದೆ, ನಂಜು ಇದೆ, ಜ್ವರ ಇದೆ. ಇದಕ್ಕೂ ಅದಕ್ಕೂ ಏನು ಸಂಬಂಧ? ಯಾರೂ ಏನೂ ಕೇಳದೆಯೇ ತಾನು ಉತ್ತರ ಹುಡುಕುತ್ತಿದ್ದೇನೆ ಎಂಬುದು ಬೀದಿಗಿಳಿದ ಮೇಲೆ ಅವನಿಗೆ ಹೊಳೆಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಅಂದಿರಲೂ ಇಲ್ಲ.

ತೋಟದ ಮನೆ ಹಾಸನದ ರಸ್ತೆಯಲ್ಲಿ ಎರಡು ಮೈಲಿ. ಮೊನ್ನೆ ಇದೇ ದಾರಿಯಲ್ಲಿ ಗಾಡಿ ಕಳಿಸಿದ್ದರು, ಇವತ್ತು ಗಾಡಿ ಕಟ್ಟುವ ವ್ಯವಧಾನ ಯಾರಿಗೂ ಇದ್ದಿರಲಿಕ್ಕಿಲ್ಲ. ತಮ್ಮಯ್ಯ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದ. ಎದುರಿಗೆ ಕೊಬ್ಬರಿ ಮೂಟೆ ಹೇರಿದ ಗಾಡಿಗಳು ಸಾಲಾಗಿ ಪಟ್ಟಣಕ್ಕೆ ಬರುತ್ತಿದ್ದವು. ಗಾಡಿಯವನೊಬ್ಬ ಇಳಿದು, ರಸ್ತೆಯ ಧೂಳಿನಲ್ಲೇ ಬಗ್ಗಿ, ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದ. ಪಂಚಾಕ್ಷರಯ್ಯ ಕಾಲನ್ನು ಹಿಂದಕ್ಕೆಳೆದುಕೊಂಡ. ಮೊನ್ನೆಯೂ ಹೀಗೆ ಎಳೆದುಕೊಳ್ಳಲು ಆಗಿದ್ದರೆ. ಮೊನ್ನೆ ಅವನನ್ನು ನಡುಮನೆಯಲ್ಲಿ ಎತ್ತರದ ಮಣೆಯ ಮೇಲೆ ಕೂರಿಸಿ, ಕಾಲ ಕೆಳಗೆ ಹಿತ್ತಾಳೆ ತಟ್ಟೆ ಇಟ್ಟಿದ್ದರು. ಪಾಲಾಕ್ಷ ತಂಬಿಗೆಯಿಂದ ನೀರು ಬಿಡುತ್ತಿದ್ದ, ಅವನ ಹೆಂಡತಿ ಗಂಗಾಂಬಿಕೆ ಎರಡು ಕೈಯಲ್ಲಿ ಪಾದ ತೊಳೆಯುತ್ತಿದ್ದಳು. ಇಪ್ಪತ್ತು ತುಂಬಿತ್ತೋ ಇಲ್ಲವೋ. ಬಾಣಂತಿಗೆ ನೀರು ಕೊಡಬಾರದೆಂದು ತುಟಿ ಒಣಗಿಸಿದ್ದರು, ತಲೆಗೆ ಬಟ್ಟೆ ಕಟ್ಟಿದ್ದರು, ಕೋಣೆಯ ಸಾಂಬ್ರಾಣಿ ಹೊಗೆ ಮೈಯಿಂದ ಬರುತ್ತಿತ್ತು. ಹನ್ನೊಂದು ದಿನ ಮಲಗಿದ್ದವಳು ಕೂರುವಾಗ ಎಡಗಾಲನ್ನು ಚಾಚಿ, ಆಮೇಲೆ ನಾಚಿಕೊಂಡು ಸೀರೆಯೊಳಗೆ ಎಳೆದುಕೊಂಡದ್ದನ್ನು ಅವನು ನೋಡಿದ್ದ. ನೋಡಿಯೂ, ಹೆಂಗಸರ ಕಾಲು ನೋಡಬಾರದೆಂದು ಕಣ್ಣನ್ನು ತೊಲೆಯ ಕಡೆ ತಿರುಗಿಸಿದ್ದ. ಅವಳು ಪಾದಕ್ಕೆ ಮೂರು ಎಳೆ ವಿಭೂತಿ ಎಳೆದು ಪತ್ರೆ ಇಟ್ಟು ಹಣೆ ಮುಟ್ಟಿಸಲು ಬಗ್ಗಿದಳು. ಆಗ ಬಂತು.

ಹೆಬ್ಬೆರಳು ಬಾಗಿದ್ದು ಅವನಿಗೆ ಗೊತ್ತಾಯಿತು. ಹಲ್ಲು ಕಚ್ಚಿ, ಮಂತ್ರವನ್ನು ಜೋರು ಮಾಡಿದ. ಪಾದ ನಡುಗಿದ್ದನ್ನು ಕಂಡ ಹುಡುಗಿ ಏನೆಂದುಕೊಂಡಳೋ, ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಕಾಲು ಚಿಮ್ಮಿತು. ಹಿಮ್ಮಡಿ ಅವಳ ಹುಬ್ಬಿನ ಮೇಲೆ ಬಡಿಯಿತು, ತಟ್ಟೆ ಮಗುಚಿ ನಡುಮನೆಯೆಲ್ಲ ನೀರು, ಅವಳು ಹಿಂದಕ್ಕೆ ಕೂತುಬಿದ್ದಳು. ಮೂವತ್ತು ಜನ ಕೂತ ಮನೆಯಲ್ಲಿ ತಟ್ಟೆ ಗಿರಕಿ ಹೊಡೆದು ನಿಲ್ಲುವ ಸದ್ದೊಂದೇ. ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದ ಅತ್ತೆ ಮಾಯಮ್ಮ “ಶಿವಶಿವಾ” ಎಂದಳು. ಹಿಂದಿನಿಂದ ಪಾಲಾಕ್ಷನ ದೊಡ್ಡಪ್ಪ ಚಂದ್ರಶೇಖರಯ್ಯ, “ಪಾದ ತಾನಾಗೇ ಬಂದು ತಲೆ ಸೋಕ್ತು, ಎಲ್ರಿಗೂ ಸಿಕ್ತದಾ ಆ ಪುಣ್ಯ” ಎಂದು ಕೈಮುಗಿದರು. ಒಬ್ಬೊಬ್ಬರಾಗಿ ಎಲ್ಲರೂ ಕೈಮುಗಿದರು. ಪಂಚಾಕ್ಷರಯ್ಯನಿಗೆ ಭೂಮಿಗಿಳಿದು ಹೋಗಬೇಕೆನ್ನಿಸಿತು. ಒದ್ದದ್ದಕ್ಕಿಂತ ಆ ಕೈಮುಗಿದದ್ದು ಹೆಚ್ಚು ಸುಟ್ಟಿತು. ಅದಕ್ಕೇ ಇರಬೇಕು, ಎರಡು ವರ್ಷ ಬಚ್ಚಿಟ್ಟಿದ್ದನ್ನು ಅಲ್ಲಿ ಬಾಯಿಬಿಟ್ಟು ಹೇಳಿದ: “ಪುಣ್ಯವೂ ಇಲ್ಲ, ಏನೂ ಇಲ್ಲ. ಸೆಳೆತ ತಾಯಿ. ಮೀನಖಂಡ ಹಿಡ್ಕೊಳ್ತದೆ. ನನ್ನ ಕೈಲಿಲ್ಲ.”

ಆಗ ಅವಳು ನಕ್ಕಳು. ಹುಬ್ಬು ಒರೆಸಿಕೊಳ್ಳುತ್ತ, ಹಣೆಗೆ ಅಂಟಿದ್ದ ಪತ್ರೆಯನ್ನು ತೆಗೆಯುತ್ತ, “ನಂಗೂ ಅಂಗೇಯ ಬುದ್ಧಿ” ಎಂದಳು. “ನಾಕು ದಿನದಿಂದ. ಎಡಗಾಲು. ಮೀನಖಂಡದಲ್ಲೇ.”

ಆಗ ತನಗಾದದ್ದು ಸಂತೋಷ ಎಂದು ರಸ್ತೆಯ ನಡುವೆ ನಿಂತು ಅವನು ಒಪ್ಪಿಕೊಂಡ. ಕರುಣೆಯಲ್ಲ, ಸಂತೋಷ. ಪಾದ ಇಟ್ಟುಕೊಂಡು ಊರೂರು ತಿರುಗಿದವನಿಗೆ ನನಗೂ ಹಾಗೇ ಎಂದವರು ಯಾರೂ ಇರಲಿಲ್ಲ. ಇವಳೂ ನಾನೂ ಒಂದೇ ಎಂದಾದರೆ ಒದ್ದದ್ದು ಅಪಶಕುನವೂ ಅಲ್ಲ, ಪವಾಡವೂ ಅಲ್ಲ, ಬರೀ ಮನುಷ್ಯರ ಬಾಧೆ. ಆ ಬಿಡುಗಡೆಯಲ್ಲಿ ಅವನಿಗೆ ಮಾತು ಉಕ್ಕಿ ಬಂತು. ಪಾಲಾಕ್ಷ, “ಹೌದು ಅಯ್ನೋರೇ, ನಡೆಯೋಕೂ ಕಷ್ಟ ಪಡ್ತಾಳೆ. ನಾಳೆ ಹಾಸನಕ್ಕೆ ಕರ್ಕೊಂಡೋಗಿ ತೋರಿಸ್ಬೇಕು ಅಂತ ಬಸ್ಸಿಗೆ ಹೇಳಿದೀನಿ” ಎಂದ. “ಇಷ್ಟಕ್ಕೆ ಹಾಸನವೇ?” ಎಂದ ಇವನು. “ಹಸಿ ಬಾಣಂತೀನ ಆ ಇದ್ದಿಲು ಬಸ್ಸಿನಲ್ಲಿ ಕುಲುಕಾಡಿಸಿಕೊಂಡು ಹೋಗ್ತೀಯಾ? ನಾನು ಅಲ್ಲಿಗೇ ಹೋಗಿ ಬಂದವನಲ್ಲವೇನಪ್ಪ, ಡಾಕ್ಟರೇ ಹೇಳಿದ್ದು. ಎಳ್ಳೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ, ಕೆಳಗಿಂದ ಮೇಲಕ್ಕೆ, ಗಂಟು ಕರಗೋವರೆಗೂ ಉಜ್ಜಬೇಕು. ನೋವಾದರೂ ಬಿಡಬಾರದು.” ಮಾಯಮ್ಮ ಬಾಗಿಲಿಂದಲೇ, “ಎರಡೊತ್ತಾ, ಮೂರೊತ್ತಾ ಬುದ್ಧಿ?” ಎಂದು ಕೇಳಿದಳು. “ಮೂರು ಹೊತ್ತು” ಎಂದ, ತಡವರಿಸದೆ. ಎಳ್ಳೆಣ್ಣೆ ಬೆಳ್ಳುಳ್ಳಿ ನೀಲಾಂಬಿಕೆಯದು, ಮೂರು ಹೊತ್ತು ಅವನದು, ನೋವಾದರೂ ಬಿಡಬಾರದು ಎಂದದ್ದೂ ಅವನದೇ. ಇದರಲ್ಲಿ ಡಾಕ್ಟರು ಹೇಳಿದ್ದು ಉಜ್ಜಿಸಿ ಎಂಬುದೊಂದೇ.

ಹಿಂದಿನಿಂದ ಹಾರ್ನ್ ಕೇಳಿ ಇಬ್ಬರೂ ರಸ್ತೆಯ ಅಂಚಿಗೆ ಸರಿದರು. ಹಾಸನದ ಬಸ್ಸು. ಯುದ್ಧದಲ್ಲಿ ಪೆಟ್ರೋಲಿಗೆ ಕಷ್ಟ ಬಂದ ಮೇಲೆ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು, ಕೆಮ್ಮುತ್ತ ಹೋಗುವ ಬಸ್ಸು. ಹಿಂದಿನ ಕಿಟಕಿಯಲ್ಲಿ ಯಾರೋ ಹೆಂಗಸು ಮಗುವಿಗೆ ಹೊರಗೆ ತೋರಿಸುತ್ತಿದ್ದಳು. ಆರು ವಾರದ ಹಿಂದೆ ಇವನೂ ಇದೇ ಬಸ್ಸಿನಲ್ಲಿ, ಗುರುತಿನವರು ಯಾರೂ ಹತ್ತದಿರಲಿ ಎಂದು ಬೇಡಿಕೊಳ್ಳುತ್ತ ಹೋಗಿದ್ದ. ಆಸ್ಪತ್ರೆಯ ಬೆಂಚಿನ ಮೇಲೆ ಗಾಯ, ಹುಣ್ಣು, ಮಲೇರಿಯದವರ ಜೊತೆ ಎರಡು ಗಂಟೆ ಕೂತ ಮೇಲೆ ಕಾಂಪೌಂಡರು, “ಕಾಲಿನ ಸ್ವಾಮಿಗಳು ಯಾರ್ರೀ, ಬನ್ನಿ” ಎಂದು ಕೂಗಿದ್ದ, ಬೆಂಚಿಗೆ ಬೆಂಚೇ ನಕ್ಕಿತ್ತು. ಡಾಕ್ಟರು ಅವನ ಪಾದವನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ನಮಸ್ಕಾರ ಮಾಡದೆ ಆ ಪಾದವನ್ನು ಮುಟ್ಟಿದ ಮೊದಲ ಹೊರಗಿನವರು ಅವರೇ. ಮೀನಖಂಡ ಒತ್ತಿ ನೋಡಿದರು. “ಒಂದೇ ಕಾಲೋ, ಎರಡರಲ್ಲೂ ಬರತ್ತೋ?” ಹೆಚ್ಚಾಗಿ ಬಲಗಾಲು, ಒಂದೊಂದು ಸಲ ಎಡಗಾಲೂ ಎಂದ. “ಬಂದು ಹೋಗತ್ತೋ, ಇಡೀ ದಿನ ನೋವಿರತ್ತೋ?” ಬಂದು ಹೋಗುತ್ತದೆ. “ಊದ್ಕೊಳ್ಳತ್ತಾ? ಮುಟ್ಟಿದರೆ ಬಿಸಿ ಇರತ್ತಾ?” ಇಲ್ಲ. “ಹಾಗಾದರೆ ಭಯ ಇಲ್ಲ, ಉಜ್ಜಿಸಿ. ಬಂದಾಗ ಕಾಲು ನೀಡಿ ಬೆರಳುಗಳನ್ನ ನಿಮ್ಮ ಕಡೆಗೆ ಎಳಕೊಳ್ಳಿ. ನೀರು ಜಾಸ್ತಿ ಕುಡೀರಿ. ಉಪ್ಪು ಬಿಟ್ಟಿದೀನಿ ಅಂತೀರಲ್ಲ, ಅದ್ಯಾವ ವ್ರತ ರೀ?” ಎಂದು ನಕ್ಕು ಮುಂದಿನವರನ್ನು ಕರೆದರು.

ಹಾಗಾದರೆ. ಪಂಚಾಕ್ಷರಯ್ಯ ನಿಂತ. ಡಾಕ್ಟರು ಹಾಗಾದರೆ ಎಂದಿದ್ದರು. ಬಸ್ಸು ಬಿಟ್ಟುಹೋದ ಹೊಗೆ ತೆಂಗಿನ ಮರಗಳ ಮಧ್ಯೆ ಇನ್ನೂ ತೂಗುತ್ತಿತ್ತು. ನಾಲ್ಕು ಪ್ರಶ್ನೆ ಕೇಳಿ, ನಾಲ್ಕಕ್ಕೂ ಉತ್ತರ ಪಡೆದು, ಆಮೇಲೆ ಹಾಗಾದರೆ ಎಂದು, ಆಮೇಲೆ ಉಜ್ಜಿಸಿ ಎಂದಿದ್ದರು. ಉತ್ತರ ಬೇರೆಯಿದ್ದಿದ್ದರೆ ಉಜ್ಜಿಸಿ ಎನ್ನುತ್ತಿರಲಿಲ್ಲ. ಅವನು ಉಜ್ಜಿಸಿ ಎಂಬುದನ್ನು ಮನೆಗೆ ತಂದ, ಪ್ರಶ್ನೆಗಳನ್ನು ಅಲ್ಲೇ ಬೆಂಚಿನ ಮೇಲೆ ಬಿಟ್ಟು ಬಂದ. ಅವಳನ್ನು ಒಂದು ಮಾತು ಕೇಳಲಿಲ್ಲ. ಕೇಳುವುದು ಹೇಗೆ? ಊದಿದೆಯೇ ತಾಯಿ, ಬಿಸಿ ಇದೆಯೇ, ಎಲ್ಲಿ ಸ್ವಲ್ಪ ತೋರಿಸು ಎಂದು, ಗಂಡನ ಮುಂದೆ, ಅತ್ತೆಯ ಮುಂದೆ, ಮೂವತ್ತು ಜನರ ಮುಂದೆ? ಅವನ ಕಾಲನ್ನು ತಾಲ್ಲೂಕಿನ ಹೆಂಗಸರೆಲ್ಲ ಮುಟ್ಟಬಹುದು. ಅವರಲ್ಲಿ ಒಬ್ಬಳ ಕಾಲನ್ನೂ ಅವನು ಕಣ್ಣೆತ್ತಿ ನೋಡುವಂತಿಲ್ಲ. ಊದಿರಲಿಲ್ಲ, ಊದಿದ್ದರೆ ಅವಳೇ ಹೇಳುತ್ತಿದ್ದಳು ಎಂದುಕೊಂಡ. ಕಾಲು ಎಳೆದುಕೊಂಡಾಗ ಸೀರೆಯಂಚಿನಲ್ಲಿ ಕಂಡದ್ದು ಊತವೋ, ಬಾಣಂತಿಯ ದಪ್ಪವೋ, ಬರೀ ನೆರಳೋ. ಈಗ ಎಷ್ಟು ನೆನೆದರೂ ಅವನಿಗೆ ತೊಲೆಯೇ ಕಾಣುತ್ತಿತ್ತು.

“ತಮ್ಮಯ್ಯ, ಆಯಮ್ಮನ ಕಾಲು ಊದಿತ್ತೇನಪ್ಪಾ?”

“ಬಾಣಂತಿ ಕ್ವಾಣೆಗೆ ನಾವೆಲ್ಲಿ ಓಗಾದು ಬುದ್ಧಿ. ಎಣ್ಣೆ ವಾಸ್ನೆ ಮಾತ್ರ ಕೊಟ್ಗೆ ಗಂಟ ಬರ್ತಿತ್ತು. ನಮ್ ಮಾಯಮ್ಮಾರು ಪಾಪ, ಕೈ ಬೊಬ್ಬೆ ಬರಂಗೆ ಉಜ್ಜವ್ರೆ ಕಣೇಳಿ.”

ಹೇಳಿಬಿಡಬೇಕು ಎಂದು ಅವನು ಆ ಕ್ಷಣ ನಿಶ್ಚಯಿಸಿದ. ಹೆಣದ ತಲೆಯ ಮೇಲೆ ಈ ಕಾಲು ಇಡುವುದಕ್ಕೆ ಮುಂಚೆ ಪಾಲಾಕ್ಷನನ್ನು ಪಕ್ಕಕ್ಕೆ ಕರೆದು, ನಾನು ಕೇಳಬೇಕಾದ್ದು ಕೇಳದೆ ಹೇಳಿದೆ, ಆಸ್ಪತ್ರೆಗೆ ಹೋಗುವವಳನ್ನು ತಡೆದೆ, ಬೇರೆ ಯಾರನ್ನಾದರೂ ಕರೆಸಿ ಪಾದ ಇಡಿಸು ಎನ್ನಬೇಕು. ಬೈದರೆ ಬೈಯಲಿ. ಊರು ಬಿಡಿಸಿದರೆ ಬಿಡಿಸಲಿ. ಕಾಲು ಊದಿರದಿದ್ದರೆ ಹೇಳುವ ಅಗತ್ಯವೂ ಇಲ್ಲ. ತೋಟದ ಬೇಲಿ ಕಾಣುವ ಹೊತ್ತಿಗೆ ಅವನು ಶಿವನನ್ನು ಕೇಳುತ್ತಿದ್ದದ್ದು ಆ ಹುಡುಗಿಗೆ ಸದ್ಗತಿಯನ್ನಲ್ಲ; ಕಾಲು ಊದಿರಬಾರದು ಎಂಬುದೊಂದನ್ನು. ಅದು ತಿಳಿದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಂಗಳದ ತುಂಬ ಜನ ಇದ್ದರು. ದಾರಿ ಬಿಟ್ಟರು. ಪಾಲಾಕ್ಷ ಎದ್ದು ಬಂದು ಕಾಲಿಗೆ ಬಿದ್ದ, ಬಿದ್ದವನು ಏಳಲಿಲ್ಲ. ಭುಜ ಹಿಡಿದು ಎಬ್ಬಿಸಿದಾಗ ಅವನ ಮುಖ ಒಂದೇ ಬೆಳಗಿಗೆ ಸೊರಗಿತ್ತು. “ನೀವು ಹೇಳಿದ್ದೇ ಒಳ್ಳೇದಾಯ್ತು ಅಯ್ನೋರೇ” ಎಂದ. “ಬಸ್ಸಿನಲ್ಲಿ ಕರ್ಕೊಂಡೋಗಿದ್ರೆ ದಾರೀಲಿ, ಪರಸ್ಥಳದಲ್ಲಿ ಹೋಗ್ಬುಡ್ತಿದ್ಲು. ಮನೇಲೇ ಹೋದ್ಲು. ನಿಮ್ಮ ಪಾದ ಸೋಕಿ ಮೂರು ದಿನಕ್ಕೆ ಹೋದ್ಲು.” ಪಂಚಾಕ್ಷರಯ್ಯ ಬಾಯಿ ತೆರೆದ. ಅಷ್ಟರಲ್ಲಿ ಒಳಗಿಂದ ಚಂದ್ರಶೇಖರಯ್ಯ ಬಂದು ತಗ್ಗಿದ ದನಿಯಲ್ಲಿ, “ಕೂರ್ಸಾಕೇ ಆಯ್ತಿಲ್ಲ ಬುದ್ಧಿ” ಎಂದರು. “ಬಲಗಾಲು ಮಡಚ್ಕಂತು. ಎಡಗಾಲು ಮಡಚ್ತಾನೇ ಇಲ್ಲ. ಮಂಡಿಯಿಂದ ಕೆಳಕ್ಕೆ ಊದ್ಕಂಡು ಬೂದುಗುಂಬಳ ಆಗೈತೆ. ಬೆಳ್ಳಗೆ ಬಿಗ್ದೈತೆ. ಏನ್ಮಾಡಾದು ಹೇಳಿ.”

ಕೇಳಬೇಕಾಗಿದ್ದ ಪ್ರಶ್ನೆಗೆ ಉತ್ತರ ಹೀಗೆ ಬಂತು. ಮಡಚಿದಷ್ಟು ಮಡಚಿ ಸೀರೆ ಹೊದಿಸಿ ಎಂದನೆಂದು ಆಮೇಲೆ ಬೇರೆಯವರು ಹೇಳಿ ಪಂಚಾಕ್ಷರಯ್ಯನಿಗೆ ಗೊತ್ತು, ಹೇಳಿದ್ದು ನೆನಪಿಲ್ಲ. ನೆನಪಿರುವುದು ಪಾಲಾಕ್ಷನ ರಟ್ಟೆ ಹಿಡಿದು ತೆಂಗಿನ ಮರದ ಹತ್ತಿರ ಕರೆದೊಯ್ದದ್ದು. “ಪಾಲಾಕ್ಷ, ಆ ಉಜ್ಜೋ ವಿಚಾರ...” ಎಂದ. “ಉಜ್ಜೋದು, ನಾನು ಹೇಳಿದ್ನಲ್ಲ...”

ಅಷ್ಟು ಹೇಳಿದ್ದು ಮಾಯಮ್ಮನ ಕಿವಿಗೆ ಬಿತ್ತು. ಅವಳು ಮಗುವನ್ನು ಯಾರ ಕೈಗೋ ಕೊಟ್ಟು, ಜನರನ್ನು ಸರಿಸಿಕೊಂಡು ಬಂದು ಅವನೆದುರು ಕುಸಿದು ಕೂತಳು. ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಬಂದು ಒಡೆದಿತ್ತು; ಬೆಳ್ಳುಳ್ಳಿ ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. “ನಾನೇ ಸರಿಯಾಗಿ ಉಜ್ಜಲಿಲ್ಲ ಬುದ್ಧಿ” ಎಂದಳು. “ನೀವೇಳ್ದಂಗೇ ಕೆಳಗಿಂದ ಮ್ಯಾಕೆ ಉಜ್ಜಿದೆ. ಮೂರೊತ್ತೂ ಉಜ್ಜಿದೆ. ಬ್ಯಾಡ ಅತ್ತೆಮ್ಮ, ಪ್ರಾಣ ಓಯ್ತದೆ ಅಂತ ಅಳೋಳು. ಅಯ್ನೋರು ಏಳವ್ರೆ ತಡ್ಕಳವ್ವ ಅಂತಿದ್ದೆ. ನಿನ್ನೆ ಸಂಜೆ ಕಾಲು ಮುಟ್ಟ ಬ್ಯಾಡಿ ಅಂತ ಕೈ ಹಿಡ್ಕಂಬುಟ್ಲು. ನಂಗೂ ಕೈ ಸೋತಿತ್ತು. ಅರ್ಧಕ್ಕೇ ಬುಟ್ಬುಟ್ಟೆ. ಗಂಟು ಕರಗಾ ಗಂಟ ಬುಡಬ್ಯಾಡಿ ಅಂದಿದ್ರಿ. ನಾನು ಬುಟ್ಬುಟ್ಟೆ. ಅದ್ಕೇ ಓಗ್ಬುಟ್ಲಾ ಬುದ್ಧಿ? ನಿಜ ಏಳಿ, ಅದ್ಕೇಯ?”

ಅವಳ ಕಣ್ಣು ಅವನ ಮುಖದಿಂದ ಕದಲಲಿಲ್ಲ. ನಿಜ ಹೇಳಿ ಎನ್ನುತ್ತಿದ್ದಳು. ನಿಜ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಉಜ್ಜಬಾರದಿತ್ತು ತಾಯಿ ಎಂದರೆ ಪಾಪ ಅವನ ತಲೆಗೆ ಬರುವುದಕ್ಕೆ ಮುಂಚೆ ಆ ಎರಡು ಅಂಗೈಗೆ ಹೋಗಿ ಅಂಟುತ್ತದೆ. ಬೇಡ ಎಂದು ಅತ್ತವಳ ಕಾಲನ್ನು ಒತ್ತಿ ಹಿಡಿದು ಉಜ್ಜಿದ ಕೈ ಅವನದಲ್ಲ. ಮುದುಕಿ ಉಳಿದ ಕಾಲವೆಲ್ಲ ಆ ಕೈಯಲ್ಲೇ ಉಣ್ಣಬೇಕು, ಆ ಕೈಯಲ್ಲೇ ಮಗುವನ್ನು ಸಾಕಬೇಕು. ಹೇಳದಿದ್ದರೆ ಸಾಕಷ್ಟು ಉಜ್ಜಲಿಲ್ಲವೆಂದು ಕೊರಗಿ ಸಾಯುತ್ತಾಳೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಠದಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದವನು ಅವನೇ. ಮೊನ್ನೆ ಆಡಿದ ಮಾತು ಇಷ್ಟು ದೂರ ಬಂದು, ಈಗ ಇನ್ನೊಂದು ಮಾತನ್ನು ಕೇಳುತ್ತಿತ್ತು. ಇದು ಮುದುಕಿಯ ಮೇಲಿನ ಕರುಣೆಯೋ, ತನ್ನ ಚರ್ಮ ಉಳಿಸಿಕೊಳ್ಳುವ ಆಸೆಯೋ ಎಂದು ಅವನು ತನ್ನೊಳಗೆ ಹುಡುಕಿ ನೋಡಿದ. ಎರಡೂ ಒಂದೇ ಕಡೆ ಕೂತಿದ್ದವು, ಬೇರೆ ಮಾಡಲು ಬರಲಿಲ್ಲ.

“ಇಲ್ಲ ತಾಯಿ” ಎಂದ. “ನೀವು ಚೆನ್ನಾಗೇ ಉಜ್ಜಿದಿರಿ.”

ಮಾಯಮ್ಮ ಆಗ ಅತ್ತಳು. ಬೆಳಗಿನಿಂದ ಅತ್ತಿರಲಿಲ್ಲವಂತೆ, ಹೆಂಗಸರು ಹೇಳಿಕೊಂಡರು. ಅಯ್ಯನವರು ಬಂದ ಮೇಲೆ ಅಳು ಬಂತು, ಇನ್ನು ಪರವಾಗಿಲ್ಲ. ಪಾಲಾಕ್ಷ ತಾಯಿಯನ್ನು ಹಿಡಿದುಕೊಂಡು ಒಳಗೆ ಹೋದ. ಉಜ್ಜುವ ವಿಚಾರ ಏನು ಎಂದು ಅವನು ಮತ್ತೆ ಕೇಳಲಿಲ್ಲ.

ಗಂಗಾಂಬಿಕೆಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮೈಗೆಲ್ಲ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಹೊಸ ಸೀರೆ. ಸೀರೆಯ ಕೆಳಗೆ ಎಡಗಡೆ ಒಂದು ಉಬ್ಬು ಹಾಗೇ ನಿಂತಿತ್ತು. ಎಷ್ಟು ಮುಚ್ಚಿದರೂ ಮುಚ್ಚಿದ್ದು ಗೊತ್ತಾಗುತ್ತಿತ್ತು. ಈಗ ನೋಡಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು ನೋಡಿದ. ಆಮೇಲೆ ಅವಳ ಮುಖ ನೋಡಿದ. ಹುಬ್ಬಿನ ಮೇಲೆ, ವಿಭೂತಿಯ ಕೆಳಗೆ, ಕಾಸಿನಗಲ ಒಂದು ನೀಲಿ ಗುರುತಿತ್ತು. ಅದು ಏನೆಂದು ಗೊತ್ತಿದ್ದವರು ಅದರ ಮೇಲೆ ಇನ್ನೊಂದು ಎಳೆ ಎಳೆದಿರಲಿಲ್ಲ. ಪಾದದ ಗುರುತು ಕಾಣಲಿ ಎಂದೇ ಬಿಟ್ಟಿದ್ದರು. ಅವನನ್ನು ಪಕ್ಕದ ಮಣೆಯ ಮೇಲೆ ನಿಲ್ಲಿಸಿ, ತಮ್ಮಯ್ಯ ಒಂದು ಕಡೆ, ಚಂದ್ರಶೇಖರಯ್ಯ ಒಂದು ಕಡೆ ರಟ್ಟೆ ಹಿಡಿದರು. ಬಲಗಾಲೆತ್ತಿ ಅವಳ ತಲೆಯ ಮೇಲಿಟ್ಟ. ಕೂದಲು ತಣ್ಣಗೆ, ಒದ್ದೆ. ಪಾಲಾಕ್ಷ ನೀರು ಬಿಟ್ಟ, ಹೂವು ಇಟ್ಟ, ಎಲ್ಲರೂ ಒಬ್ಬೊಬ್ಬರಾಗಿ ಬಂದು ಆ ಪಾದಕ್ಕೆ, ಆ ತಲೆಗೆ ಪತ್ರೆ ಹಾಕಿದರು.

ಬಾ ಎಂದು ಅವನು ಕರೆದ. ಬಾಯಲ್ಲಿ ಮಂತ್ರ ನಡೆಯುತ್ತಿತ್ತು, ಒಳಗೆ ಬಾ ಬಾ ಎಂದು ಕೂಗುತ್ತಿದ್ದ. ಎರಡು ವರ್ಷ ಕರೆಯದೆ ಬಂದದ್ದು ಈಗ ಒಂದು ಸಲ ಬಂದು, ಎಲ್ಲರೂ ನೋಡುವ ಹಾಗೆ ಈ ಕಾಲನ್ನು ಹಿಂಡಿ, ಇಲ್ಲಿಂದ ಕಿತ್ತು ಕೆಳಕ್ಕೆ ಬೀಳಿಸಲಿ. ಬಿದ್ದರೆ ಕೇಳುತ್ತಾರೆ, ಕೇಳಿದರೆ ಹೇಳಬಹುದು. ಮೀನಖಂಡಕ್ಕೆ ಮನಸ್ಸು ಕೊಟ್ಟ, ಹೆಬ್ಬೆರಳಿಗೆ ಕೊಟ್ಟ. ಹೆಬ್ಬೆರಳು ಬಾಗಲಿಲ್ಲ. ಚರ್ಮದ ಕೆಳಗೆ ಏನೂ ಎದ್ದು ಕೂರಲಿಲ್ಲ. ಒಂದು ನಿಮಿಷ, ಎರಡು ನಿಮಿಷ, ಐವತ್ತು ಅರವತ್ತು ಜನ ಪತ್ರೆ ಹಾಕಿ ಮುಗಿಸುವವರೆಗೂ ಪಾದ ಇಟ್ಟಲ್ಲೇ ಇತ್ತು, ನಡುಗಲೂ ಇಲ್ಲ. ಅಷ್ಟು ಆರೋಗ್ಯವಾಗಿ ಅವನ ಕಾಲು ಎಂದೂ ಇದ್ದಿರಲಿಲ್ಲ.

“ಮೊನ್ನೆ ಅಂಗಂದ್ರಿ, ಇವತ್ತು ನೋಡಿ ಬುದ್ಧಿ, ಎಂಥ ಸ್ಥಿರವಾಗಿತ್ತು ಪಾದ” ಎಂದರು ಚಂದ್ರಶೇಖರಯ್ಯ, ಅವನನ್ನು ಕೆಳಗಿಳಿಸುತ್ತ.

ತೋಟದ ಮೂಲೆಯಲ್ಲಿ ಮಣ್ಣು ಮಾಡಿ ಮುಗಿಯುವಾಗ ಬಿಸಿಲು ಇಳಿದಿತ್ತು. ಹೊರಡುವಾಗ ಮಾಯಮ್ಮ ಒಂದು ಚಿಕ್ಕ ಬಾಟಲಿ ತಂದು ಅವನ ಜೋಳಿಗೆಗೆ ತಾನೇ ಇಟ್ಟಳು. “ಅರ್ಧ ಉಳ್ಕಂಡೈತೆ ಬುದ್ಧಿ. ನೀವೇಳ್ದಂಗೇ ಕಾಯ್ಸಿದ್ದು. ಚೆಲ್ಲಾಕೆ ಮನಸ್ಸು ಬರಾಕಿಲ್ಲ. ನಿಮ್ ಕಾಲ್ಗಾದ್ರೂ ಆಗ್ಲಿ.” ದಾರಿಯಲ್ಲಿ ಎರಡು ಸಲ ಬಾಟಲಿ ತೆಗೆದ, ಎರಡು ಸಲವೂ ಯಾರೋ ಎದುರು ಬಂದರು, ಯಾರೋ ಕಾಲಿಗೆ ಬಿದ್ದರು. ಮೂರನೆಯ ಸಲ ಯಾರೂ ಇರಲಿಲ್ಲ, ಆದರೂ ಚೆಲ್ಲಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದ. ಹೊಸ್ತಿಲು ದಾಟಲು ಬಲಗಾಲೆತ್ತಿದ್ದೇ ಬಂತು. ಇಡೀ ದಿನದ್ದು ಒಟ್ಟಿಗೇ ಬಂದ ಹಾಗೆ ಬಂತು. ಅವನು ಬಾಗಿಲ ದಾರಂದ ಹಿಡಿದು ಅಲ್ಲೇ ಕುಸಿದ. ನೀಲಾಂಬಿಕೆ ದೀಪ ಬಿಟ್ಟು ಓಡಿ ಬಂದಳು. ಕಾಲನ್ನು ತೊಡೆಯ ಮೇಲೆಳೆದುಕೊಂಡಳು, ಜೋಳಿಗೆಯಿಂದ ಉರುಳಿದ್ದ ಬಾಟಲಿಯ ಬಿರಡೆ ತೆಗೆದು ಮೂಸಿ ನೋಡಿ, ಅಂಗೈಗೆ ಸುರಿದುಕೊಂಡಳು. ಬೇಡ, ಇದು ಬೇಡ, ಇರಲಿ ಹಾಗೇ ಇರಲಿ ಎನ್ನಬೇಕೆಂದುಕೊಂಡ. ಬೇಡ ಎಂದವಳು ಇನ್ನೊಬ್ಬಳಿದ್ದಳು. ಅವಳ ಮಾತು ಯಾರೂ ಕೇಳಲಿಲ್ಲ. “ಉಜ್ಜು” ಎಂದ.

ಅವಳು ಕೆಳಗಿಂದ ಮೇಲಕ್ಕೆ ಉಜ್ಜಿದಳು. ಬೆಳ್ಳುಳ್ಳಿಯ ವಾಸನೆ ಮನೆ ತುಂಬಿತು. ನಾಲ್ಕು ಸಲ ಕೈ ಮೇಲೆ ಹೋಗಿ ಬರುವುದರಲ್ಲಿ ಗಂಟು ಸಡಿಲಿತು, ಐದನೆಯದಕ್ಕೆ ಕರಗಿತು, ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಎಂದೂ ಇಷ್ಟು ಬೇಗ ಬಿಟ್ಟಿರಲಿಲ್ಲ. ಕಾಲು ಹಗುರವಾಯಿತು, ಹಿತವಾಯಿತು. ಆ ಹಿತವನ್ನು ತಡೆಯಲಾರದೆ ಪಂಚಾಕ್ಷರಯ್ಯ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಅತ್ತ.

“ಇನ್ನೂ ಇದೆಯಾ ನೋವು?” ಎಂದಳು ನೀಲಾಂಬಿಕೆ.

“ಇಲ್ಲ. ಹೋಯ್ತು.”

“ಒಳ್ಳೇ ಎಣ್ಣೆ ಕಣ್ರೀ ಇದು” ಎಂದು ಅವಳು ಬಿರಡೆ ಹಾಕಿ, ಚೆಲ್ಲದ ಹಾಗೆ ಒರೆಸಿ, ಬಾಟಲಿಯನ್ನು ಗೂಡಿನಲ್ಲಿಟ್ಟಳು.